ಮನೆಯೊಳಗೊಂದು ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯೊಳಗೆ ಇನ್ನೊಂದು ಮನೆಯನ್ನು ಕಟ್ಟಿ ನೋಡು ಎಂದು ಅವರು ಹೇಳಲಿಲ್ಲ. ಹೇಳುವ ಪ್ರಸಂಗ ಅವರಿಗೆ ಒದಗಿರಲಾರದು. ಗಣಕಯಂತ್ರದ ಈ ಕಾಲದಲ್ಲಿ ಆ ವಿದ್ಯೆಯೂ ನಡೆದಿದೆ. ಒಂದು ಯಂತ್ರ, ಅದರ ಯಜಮಾನಿಕೆಯನ್ನು ವಹಿಸಿಕೊಂಡ ಒಂದು ಆಪರೇಟಿಂಗ್ ಸಿಸ್ಟಮ್. ಆ ಯಜಮಾನನ ಸೂರಿನಡಿಯಲ್ಲೇ ಮತ್ತೊಂದು ಆಪರೇಟಿಂಗ್ ಸಿಸ್ಟಮ್ ತನ್ನ ಬಾಗಿಲು, ಕಿಟಕಿ, ಅಂಗಳ, ಅಲಂಕಾರಗಳ ಸಮೇತ ಬಿಡಾರ ಹೂಡುತ್ತದೆ. ಹೊರಗೆ ವಿಂಡೋಸ್, ಒಳಗೆ ಲಿನಕ್ಸ್. ಹೊರಗಿನವನಿಗೆ ಒಳಗಿನವನೊಬ್ಬ ಅತಿಥಿ. ಒಳಗಿನವನಿಗಾದರೋ ಹೊರಗೊಂದು ಲೋಕವಿದೆಯೆಂಬ ಅರಿವೇ ಇಲ್ಲ.

ಇಷ್ಟು ಸಾಹಸ ಪಟ್ಟು ಸಾಧಿಸುವುದೇನು ಎಂದು ಕೇಳುವವರು ಮೈಸೂರಿನ ಸರಸ್ವತಿಪುರದ ರಾಯರ ಮನೆಯ ವೃತ್ತಾಂತವನ್ನು ಕೇಳಬೇಕು.

ರಾಯರು ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಅವರ ತಂದೆ ಹೆಗ್ಗಡದೇವನಕೋಟೆಯ ಕಡೆಯ ಹಳ್ಳಿಗಳಲ್ಲಿ ಶಾನುಭೋಗರಾಗಿದ್ದರು. ಕಂದಾಯದ ಲೆಕ್ಕ ಬರೆದ ಮೇಲೆ ಉಳಿದ ಹಾಳೆಗಳಲ್ಲಿ ಅವರು ರೈತರ ಬಾಯಿಂದ ಕೇಳಿದ ಗಾದೆ, ಒಗಟು, ಬೇಸಾಯದ ಮಾತುಗಳನ್ನು ಬರೆದಿಡುತ್ತಿದ್ದರು. ಆಸ್ತಿಯೆಂದು ಅವರು ಬಿಟ್ಟುಹೋದದ್ದು ಬಹುಮಟ್ಟಿಗೆ ಆ ಹೊತ್ತಗೆಗಳನ್ನೇ. ಅವನ್ನೆಲ್ಲ ಶುದ್ಧಪ್ರತಿ ಮಾಡಿ ಒಂದು ಪುಸ್ತಕವಾಗಿಸಬೇಕೆಂಬುದು ರಾಯರ ಸಂಕಲ್ಪ. ಎರಡು ತೋರುಬೆರಳುಗಳಿಂದ ಅಕ್ಷರವನ್ನು ಹುಡುಕಿ ಹುಡುಕಿ ಒತ್ತುತ್ತ ಅವರು ಆ ಕೆಲಸಕ್ಕೆ ತೊಡಗಿದ್ದರು.

2016ರಲ್ಲಿ ಅವರ ಹಳೆಯ ಗಣಕಯಂತ್ರ ಬಹಳ ನಿಧಾನವಾಯಿತು. ದುರಸ್ತಿಯ ಅಂಗಡಿಯೊಂದಕ್ಕೆ ಕೊಟ್ಟರು. "ಹೊಸದರ ಹಾಗೆ ಮಾಡಿಕೊಡುತ್ತೇವೆ ಸಾರ್" ಎಂದು ಅಂಗಡಿಯವರು ಭರವಸೆಯಿತ್ತರು. ಯಂತ್ರ ನಿಜವಾಗಿಯೂ ಹೊಸದರ ಹಾಗೆಯೇ ಮರಳಿತು. ಒಳಗೆ ಏನೂ ಇರಲಿಲ್ಲ. ನೂರನಲವತ್ತು ಪುಟಗಳು ಹೋಗಿದ್ದವು. ಮತ್ತೆ ಬರೆಯೋಣವೆಂದು ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿದರೆ, ಗೆದ್ದಲು ರಾಯರಿಗಿಂತ ಮೊದಲೇ ಆ ಹೊತ್ತಗೆಗಳನ್ನು ಓದಿ ಮುಗಿಸಿತ್ತು. ಅಂದಿನಿಂದ ರಾಯರಿಗೆ ಗಣಕಯಂತ್ರದ ವಿಷಯದಲ್ಲಿ ಒಂದು ಬಗೆಯ ಮಡಿ. 2017ರಲ್ಲಿ ಹೊಸ ಯಂತ್ರ ಬಂತು: ವಿಂಡೋಸ್ 10, ಎಂಟು ಜಿ.ಬಿ. ಸ್ಮೃತಿ. ಅದನ್ನು ಅವರಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ಗೆದ್ದಲು ಉಳಿಸಿದ್ದ ಭಾಗದಿಂದ ಮತ್ತೆ ಆರಂಭಿಸಿ, ಏಳು ವರ್ಷಗಳಲ್ಲಿ 412 ಪುಟಗಳನ್ನು ತುಂಬಿಸಿದರು.

ಇಂತಹ ಮನೆಗೆ 2024ರ ಫೆಬ್ರವರಿಯಲ್ಲಿ ಸೊಸೆ ಬಂದಳು, ಧಾರವಾಡದಿಂದ.

ಮದುವೆಯಾದ ತಿಂಗಳೊಪ್ಪತ್ತಿನಲ್ಲಿ ಮಗ ಕಂಪನಿಯ ಕೆಲಸದ ಮೇಲೆ ಆರು ತಿಂಗಳ ಮಟ್ಟಿಗೆ ಜರ್ಮನಿಗೆ ಹೊರಟುನಿಂತ. ಸೊಸೆ ಅತ್ತೆ ಮಾವಂದಿರ ಜತೆ ಉಳಿದಳು. ಹಳೆಯ ಕನ್ನಡ ಪುಸ್ತಕಗಳ ಪುಟಗಳ ಚಿತ್ರ ತೆಗೆದು, ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸಿ, ತಿದ್ದಿ, ಪಠ್ಯವಾಗಿಸುವುದು ಆಕೆಯ ಉದ್ಯೋಗ. ಮದುವೆಗೆ ಮುಂಚೆ ಇದ್ದ ಕೆಲಸವನ್ನು ಬಿಡುವಾಗ ಕಚೇರಿಯ ಲ್ಯಾಪ್‌ಟಾಪನ್ನು ಹಿಂತಿರುಗಿಸಿದ್ದಳು. ಮನೆಯಿಂದಲೇ ಮಾಡಿಕೊಡುವ ಒಂದು ಪುಸ್ತಕದ ಕೆಲಸವನ್ನು ಮಾತ್ರ ಒಪ್ಪಿಕೊಂಡು ಬಂದಿದ್ದಳು. ಗಡುವು ನಲವತ್ತು ದಿನ. ಮೂರು ವರ್ಷಗಳಿಂದ ಆಕೆ ತನಗೆ ಬೇಕಾದಂತೆ ಬರೆದುಕೊಂಡಿದ್ದ ಚಿಕ್ಕಪುಟ್ಟ ಆಜ್ಞಾವಳಿಗಳೆಲ್ಲ ಲಿನಕ್ಸಿನವು. ಆಕೆಯ ಕೈ ಪಳಗಿದ್ದೂ ಅಲ್ಲಿಯೇ.

ಒಂದು ಸಂಜೆ ಕಾಫಿಯ ಹೊತ್ತಿನಲ್ಲಿ ಅಳುಕುತ್ತಲೇ ಕೇಳಿದಳು: "ಮಾವ, ನನ್ನ ಕೆಲಸಕ್ಕ ಲಿನಕ್ಸ್ ಬೇಕಾಗ್ತದ. ನಿಮ್ಮ ಕಂಪ್ಯೂಟರಿನಾಗ ಹಾಕ್ಕೋಬಹುದೇನ್ರಿ?"

ರಾಯರ ಕೈಯ ಲೋಟ ತುಟಿಗೆ ಮುಟ್ಟದೆ ನಿಂತಿತು. "ಹಾಕುವುದು ಎಂದರೆ, ಇದ್ದದ್ದನ್ನು ತೆಗೆಯುವುದೇನಮ್ಮ?"

ಸೊಸೆ ಮೂರು ದಾರಿಗಳನ್ನು ವಿವರಿಸಿದಳು. ಮೊದಲನೆಯದು, ವಿಂಡೋಸನ್ನು ಅಳಿಸಿ ಆ ಜಾಗದಲ್ಲಿ ಲಿನಕ್ಸನ್ನು ಇರಿಸುವುದು. ಎರಡನೆಯದು, ಹಾರ್ಡ್ ಡಿಸ್ಕನ್ನು ಪಾಲುಮಾಡಿ ಅಣ್ಣ ತಮ್ಮಂದಿರಂತೆ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡುವುದು. ಯಂತ್ರವನ್ನು ಚಾಲೂ ಮಾಡುವಾಗ ಇವನೋ ಅವನೋ ಎಂದು ಆರಿಸಿಕೊಳ್ಳಬೇಕು, ಒಬ್ಬನಿರುವಾಗ ಇನ್ನೊಬ್ಬನಿಲ್ಲ. ಪಾಲುಮಾಡುವಾಗ ಕೈತಪ್ಪಿದರೆ ಇಬ್ಬರ ಆಸ್ತಿಗೂ ಕೇಡು. ಮೂರನೆಯದು, ವಿಂಡೋಸ್ ಇದ್ದಂತೆಯೇ ಇರುತ್ತ, ಅದರೊಳಗೆ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ ಲಿನಕ್ಸನ್ನು ಅಲ್ಲಿ ನೆಲೆಗೊಳಿಸುವುದು. ವಿಂಡೋಸಿನ ಕಣ್ಣಿಗೆ ಆ ಇಡೀ ಲಿನಕ್ಸ್ ಒಂದೇ ಒಂದು ದೊಡ್ಡ ಕಡತ. ಬೇಡವಾದಾಗ ಆ ಕಡತವನ್ನು ಅಳಿಸಿದರೆ ಆಯಿತು.

"ಮೊದಲನೆಯದು ಬೇಡ. ಎರಡನೆಯದೂ ಬೇಡ" ಎಂದರು ರಾಯರು. ಮೂರನೆಯದನ್ನು ಬೇಡವೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಒಳಗಿನಿಂದ ರಾಯರ ಪತ್ನಿ, "ಅವಳೂ ಒಂದು ಕೆಲಸ ಒಪ್ಪಿಕೊಂಡು ಬಂದಿದ್ದಾಳೆ. ಕೂತುಕೊಳ್ಳುವುದಕ್ಕೆ ಅವಳಿಗೂ ಒಂದು ಜಾಗ ಬೇಡವೇ?" ಎಂದರು. ಆಕೆ ಆ ವಾರವಷ್ಟೇ ಅಡುಗೆಮನೆಯ ಕಪಾಟಿನ ಒಂದು ಅರೆಯನ್ನು ಖಾಲಿಮಾಡಿ, ಸೊಸೆಯ ಜೋಳದ ಹಿಟ್ಟಿನ ಡಬ್ಬಿಗೂ ಶೇಂಗಾ ಚಟ್ನಿಪುಡಿಯ ಭರಣಿಗೂ ಬಿಟ್ಟುಕೊಟ್ಟಿದ್ದರು.

ಯಂತ್ರದೊಳಗೊಂದು ಯಂತ್ರವನ್ನು ಕಲ್ಪಿಸುವ ಈ ಯೋಚನೆ ನಿನ್ನೆ ಮೊನ್ನೆಯದಲ್ಲ. ಕೋಣೆಯನ್ನೆಲ್ಲ ತುಂಬುವ ಗಣಕಗಳ ಕಾಲದಲ್ಲಿ, ಅಮೆರಿಕದ ಕೇಂಬ್ರಿಜ್ ನಗರದ ಐ.ಬಿ.ಎಂ. ಕೇಂದ್ರದವರು ಒಂದೇ ಯಂತ್ರವನ್ನು ಹಲವರು ಬಳಸುವಾಗ ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೇ ಎಂದು ತೋರುವಂತೆ ಮಾಡಬಹುದೆಂದು ಕಂಡುಕೊಂಡರು. ಸಿ.ಪಿ.-40 ಎಂಬ ಅವರ ವ್ಯವಸ್ಥೆ 1967ರಲ್ಲಿ ಬಳಕೆಗೆ ಬಂತು, 1972ರಲ್ಲಿ ವಿ.ಎಂ./370 ಎಂಬ ಹೆಸರಿನಿಂದ ಗಿರಾಕಿಗಳಿಗೂ ದೊರೆಯಿತು. ಮನೆಮನೆಯ ಪುಟ್ಟ ಗಣಕಗಳಿಗೆ ಆ ಭಾಗ್ಯ ಬರಲು ಬಹಳ ಕಾಲ ಹಿಡಿಯಿತು. 1999ರಲ್ಲಿ ವಿ.ಎಂ.ವೇರ್ ಕಂಪನಿ ಅದನ್ನು ಸಾಧಿಸಿತು. ಜರ್ಮನಿಯ ಇನೊಟೆಕ್ ಎಂಬ ಕಂಪನಿ 2007ರಲ್ಲಿ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಮರುವರ್ಷ ಅದು ಸನ್ ಕಂಪನಿಯ ವಶವಾಯಿತು. 2010ರಲ್ಲಿ ಸನ್ ಸಮೇತ ಆರಕಲ್ ಕಂಪನಿಯ ಮನೆ ಸೇರಿತು.

ವಿಂಡೋಸನ್ನು ಮಾಡುವ ಮೈಕ್ರೋಸಾಫ್ಟ್ ಕಂಪನಿಯ ಕತೆ ಇನ್ನೂ ಸ್ವಾರಸ್ಯದ್ದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಲಿನಕ್ಸನ್ನು, 2001ರಲ್ಲಿ ಆ ಕಂಪನಿಯ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್ ಕ್ಯಾನ್ಸರಿಗೆ ಹೋಲಿಸಿ ಮಾತನಾಡಿದ್ದರು. ಅದೇ ಕಂಪನಿ 2016ರಲ್ಲಿ ವಿಂಡೋಸಿನೊಳಗೆ ಲಿನಕ್ಸಿನ ಆಜ್ಞೆಗಳು ನಡೆಯುವ ಏರ್ಪಾಡನ್ನು ತಾನೇ ಮಾಡಿತು. 2021ರ ಹೊತ್ತಿಗೆ ಲಿನಕ್ಸಿನ ಚಿತ್ರಮಯ ತಂತ್ರಾಂಶಗಳೂ ವಿಂಡೋಸಿನ ಕಿಟಕಿಗಳ ನಡುವೆ ತೆರೆದುಕೊಳ್ಳುವಂತಾಯಿತು. ಬೀಗರ ಜಗಳವೂ ಹೀಗೆಯೇ: ಹೊಸ್ತಿಲು ತುಳಿಯೆನೆಂದವರು ಹತ್ತು ವರ್ಷ ಕಳೆದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ.

ಆದರೆ ಸೊಸೆಗೆ ಆ ಏರ್ಪಾಡು ಸಾಲದಾಗಿತ್ತು. ಅಲ್ಲಿ ಲಿನಕ್ಸಿನ ತಂತ್ರಾಂಶಗಳು ಯಜಮಾನನ ಪಡಸಾಲೆಯಲ್ಲಿಯೇ ಒಂದೊಂದಾಗಿ ಬಂದು ಕೂರುತ್ತವೆ. ಆಕೆಗೆ ಬೇಕಾಗಿದ್ದದ್ದು ಪೂರ್ತಿ ಡೆಸ್ಕ್‌ಟಾಪು: ಪಟ್ಟಿ ತನ್ನದು, ಕಡತಗಳ ಜೋಡಣೆ ತನ್ನದು, ಗೋಡೆಯ ಚಿತ್ರವೂ ತನ್ನದು. ಲಿನಕ್ಸ್ ಎಂಬುದು ಅಡಿಪಾಯ ಮಾತ್ರ. ಅದರ ಮೇಲಿನ ಮನೆಯನ್ನು ಬೇರೆ ಬೇರೆ ಮೇಸ್ತ್ರಿಗಳು ಬೇರೆ ಬೇರೆ ವಿಧದಲ್ಲಿ ಕಟ್ಟಿದ್ದಾರೆ. 1996ರಲ್ಲಿ ಕೆಡಿಇ ಆರಂಭವಾಯಿತು, 1997ರಲ್ಲಿ ಗ್ನೋಮ್. ಇವೆರಡೂ ಮಹಡಿಮನೆಗಳು. 1996ರಲ್ಲೇ ಆಲಿವಿಯೇ ಫೂರ್ದಾ ಎಂಬವರು ಆರಂಭಿಸಿದ ಎಕ್ಸ್‌ಎಫ್‌ಸಿಇ ಚಿಕ್ಕ ಸಂಸಾರದ ಹೆಂಚಿನ ಮನೆ. ಕಡಮೆ ಸ್ಮೃತಿಯಲ್ಲೂ ಹಗುರವಾಗಿ ನಡೆಯುತ್ತದೆ. ಹಳೆಯ ಯಂತ್ರ, ಅದರಲ್ಲಿಯೂ ಇನ್ನೊಬ್ಬರ ಸೂರಿನಡಿಯ ವಾಸ. ಸೊಸೆ ಹೆಂಚಿನ ಮನೆಯನ್ನೇ ಆರಿಸಿದಳು.

ರಾಯರು ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ಕೆಲಸ ನಡೆಯುವಷ್ಟು ಹೊತ್ತೂ ತಾವು ಪಕ್ಕದಲ್ಲಿ ಕುಳಿತಿರಬೇಕು. ಆಕೆಯೂ ತನ್ನದೊಂದು ಷರತ್ತು ಹಾಕಿದಳು: ಮೊದಲು 412 ಪುಟಗಳ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದಿಡಬೇಕು. ಏಳು ವರ್ಷಗಳಲ್ಲಿ ಆ ಮಾತನ್ನು ರಾಯರಿಗೆ ಯಾರೂ ಹೇಳಿರಲಿಲ್ಲ. ಬೀರುವಿಗೆ ಬೀಗ ಹಾಕಿದರೆ ಒಡವೆ ಭದ್ರವೆಂದು ನಂಬಿದಂತೆ, ಯಂತ್ರವನ್ನು ಯಾರೂ ಮುಟ್ಟದಿದ್ದರೆ ಬರಹ ಭದ್ರವೆಂದು ಅವರು ನಂಬಿದ್ದರು.

ಭಾನುವಾರ ಬೆಳಗ್ಗೆ ಕೆಲಸ ಆರಂಭವಾಯಿತು. ಮೊದಲ ವಿಘ್ನ ಅನಿರೀಕ್ಷಿತ ದಿಕ್ಕಿನಿಂದ ಬಂತು. ವರ್ಚುವಲ್‌ಬಾಕ್ಸ್ 32 ಬಿಟ್ಟಿನ ಅತಿಥಿಗಳನ್ನು ಮಾತ್ರ ಒಪ್ಪುತ್ತಿತ್ತು. ಸೊಸೆ ಇಳಿಸಿಕೊಂಡಿದ್ದ ಡೆಬಿಯನ್ 64 ಬಿಟ್ಟಿನದು. ಕಾರಣವನ್ನು ಆಕೆ ಬಲ್ಲಳು. ಅತಿಥಿಯನ್ನು ಇಟ್ಟುಕೊಳ್ಳುವ ಸೌಕರ್ಯವನ್ನು ಇಂಟೆಲ್ ಕಂಪನಿ 2005ರಿಂದಲೂ, ಎ.ಎಂ.ಡಿ. ಕಂಪನಿ 2006ರಿಂದಲೂ ತಮ್ಮ ಚಿಪ್ಪುಗಳಲ್ಲಿಯೇ ಅಳವಡಿಸುತ್ತ ಬಂದಿವೆ. ಆದರೆ ಎಷ್ಟೋ ಯಂತ್ರಗಳಲ್ಲಿ ಅದನ್ನು ಮುಚ್ಚಿಟ್ಟೇ ಮಾರುತ್ತಾರೆ. ಯಂತ್ರ ಎಚ್ಚರಗೊಳ್ಳುವ ಮೊದಲ ಗಳಿಗೆಯಲ್ಲಿ ಬಯೋಸ್ ಎಂಬ ಪುಟವನ್ನು ಹೊಕ್ಕು ಆ ಅಗುಳಿಯನ್ನು ತೆಗೆಯಬೇಕು. ನೀಲಿಯ ಆ ಪುಟ ಕಂಡೊಡನೆ ರಾಯರ ಎದೆ ಡವಗುಟ್ಟಿತು. ಸೊಸೆ ಒಂದು ಸಾಲನ್ನು ಬದಲಿಸಿ ಹೊರಬಂದಳು. ವಿಂಡೋಸ್ ಎಂದಿನಂತೆಯೇ ತೆರೆಯಿತು. ರಾಯರು ತಮ್ಮ ಪುಸ್ತಕದ ಕಡತವನ್ನು ತೆರೆದು, ಮೊದಲ ಪುಟವನ್ನೂ ಕೊನೆಯ ಪುಟವನ್ನೂ ನೋಡಿ, ಮುಚ್ಚಿ, "ಮುಂದುವರಿಸಮ್ಮ" ಎಂದರು.

ಬಳಿಕ ಅತಿಥಿಗೆ ಎಷ್ಟು ಕೊಡಬೇಕೆಂಬ ಪ್ರಶ್ನೆ. ಡಿಸ್ಕಿನಲ್ಲಿ ನಲವತ್ತು ಜಿ.ಬಿ.ಯ ಮಿತಿ. ಅಷ್ಟೂ ಜಾಗವನ್ನು ಅದು ಒಮ್ಮೆಗೇ ಹಿಡಿಯುವುದಿಲ್ಲ; ಬಳಸಿದಂತೆಲ್ಲ ಆ ಕಡತ ಬೆಳೆಯುತ್ತ ಹೋಗುತ್ತದೆ. ಬೆಳೆದದ್ದು ಮಾತ್ರ ತಾನಾಗಿ ಕುಗ್ಗುವುದಿಲ್ಲ. ಸ್ಮೃತಿಯ ವಿಷಯ ಇನ್ನೂ ನಾಜೂಕಿನದು. ಅತಿಥಿ ಎಚ್ಚರವಿರುವಷ್ಟು ಕಾಲ ಅವನಿಗೆ ಕೊಟ್ಟದ್ದು ಯಜಮಾನನಿಗೆ ಇಲ್ಲ. ಅಳತೆಯ ಪಟ್ಟಿಯಲ್ಲಿ ಹಸಿರು, ಕಿತ್ತಳೆ, ಕೆಂಪು ಎಂಬ ಗುರುತುಗಳಿದ್ದವು. ಸೊಸೆ ಆಸೆಯಿಂದ ಎಂಟರಲ್ಲಿ ಆರು ಜಿ.ಬಿ.ಯನ್ನು ಕೊಟ್ಟು ನೋಡಿದಳು. ಗುರುತು ಕೆಂಪಿಗೆ ಹೋಯಿತು, ವಿಂಡೋಸ್ ತೆವಳತೊಡಗಿತು. ಯಜಮಾನ ಬಳಲಿದರೆ ಅತಿಥಿಯೂ ಬಳಲಿದನೆಂದೇ ಅರ್ಥ. ಅವನ ಅನ್ನವೂ ಇವನ ಒಲೆಯಲ್ಲೇ ಬೇಯಬೇಕಷ್ಟೆ. ಕೊನೆಗೆ ಮೂರು ಜಿ.ಬಿ.ಗೆ ಇಳಿಸಿದಳು. ಇಬ್ಬರೂ ನೆಮ್ಮದಿಯಾಗಿ ಉಸಿರಾಡಿದರು.

ಆಮೇಲೆ ಬಂದದ್ದು ಆ ದಿನದ ಕಠಿಣ ಗಳಿಗೆ. ಡೆಬಿಯನ್ ನೆಲೆಗೊಳ್ಳುವ ಮುನ್ನ ಕೇಳುತ್ತದೆ: ಇಡೀ ಡಿಸ್ಕನ್ನು ಬಳಸಲೇ? ಅದಕ್ಕೆ ಸಮ್ಮತಿಸಿದರೆ ಮತ್ತೊಮ್ಮೆ ಎಚ್ಚರಿಸುತ್ತದೆ: ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲೇ? ಅಲ್ಲಿರುವುದೆಲ್ಲ ನಾಶವಾದೀತು. ಕನ್ನಡದ ಮೇಷ್ಟರಾದರೂ ಅಷ್ಟು ಇಂಗ್ಲಿಷು ರಾಯರಿಗೆ ಬಾರದ್ದಲ್ಲ. ಅವರು ಎದ್ದು ನಿಂತು ಸೊಸೆಯ ಕೈಯನ್ನು ತಡೆದರು.

"ಇದೇ ಮಾತಮ್ಮ. ಆ ಅಂಗಡಿಯವನೂ ಇದೇ ಪ್ರಶ್ನೆಗೆ ಹೌದು ಎಂದಿರಬೇಕು."

ಸೊಸೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಹಂಗಲ್ರೀ ಮಾವ. ಇದು ಕೇಳೂದು ಅದರ ಡಿಸ್ಕಿನ ಬಗ್ಗೆ. ಅದಕ್ಕ ಗೊತ್ತಿರೂದು ನಾವು ಕೊಟ್ಟ ನಲವತ್ತು ಜಿ.ಬಿ. ಅಷ್ಟ. ಅದರ ಪಾಲಿಗೆ ಅದೇ ಇಡೀ ಪ್ರಪಂಚ. ನಿಮ್ಮ ಡಿಸ್ಕು ಅದಕ್ಕ ಕಾಣ್ಸೂದೇ ಇಲ್ಲ" ಎಂದಳು. ಅಷ್ಟಕ್ಕೇ ಬಿಡದೆ, ಆ ಕಿಟಕಿಯನ್ನು ಚಿಕ್ಕದು ಮಾಡಿ ಹಿಂದಿದ್ದ ವಿಂಡೋಸನ್ನು ತೋರಿಸಿದಳು. ಇಡೀ ಲಿನಕ್ಸ್ ಒಂದೇ ಕಡತವಾಗಿ ಅಲ್ಲೊಂದು ಫೋಲ್ಡರಿನಲ್ಲಿ ಕುಳಿತಿತ್ತು. ಅದರಿಂದ ದೂರದಲ್ಲಿ, ಬೇರೊಂದು ಫೋಲ್ಡರಿನಲ್ಲಿ, ರಾಯರ ಪುಸ್ತಕ.

ರಾಯರು ಎರಡನ್ನೂ ಬಹಳ ಹೊತ್ತು ನೋಡಿದರು. ಪೆನ್‌ಡ್ರೈವು ಅಂಗಿಯ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡರು. "ಸರಿ" ಎಂದರು. ಪರದೆಯ ಮೇಲೆ 'ಇಲ್ಲ' ಎಂಬುದೇ ಮೊದಲಿನಿಂದ ಗುರುತಾಗಿತ್ತು. ಸೊಸೆ ಅದನ್ನು 'ಹೌದು' ಎಂದು ಬದಲಿಸಿ ಒತ್ತಿದಳು. ರಾಯರು ಕಣ್ಣು ಮುಚ್ಚಿಕೊಂಡಿದ್ದರೆಂದು ಅವರ ಪತ್ನಿ ಆಮೇಲೆ ನೆರೆಮನೆಯವರಿಗೆ ಹೇಳಿದ್ದುಂಟು.

ಸಂಜೆಯ ವೇಳೆಗೆ ಹೊಸ ಡೆಸ್ಕ್‌ಟಾಪು ಮೂಡಿತು. ಎಕ್ಸ್‌ಎಫ್‌ಸಿಇಯ ಲಾಂಛನ ಒಂದು ಇಲಿ. ಮೂಲೆಯಲ್ಲಿ ಅದನ್ನು ಕಂಡ ಅತ್ತೆಯವರು "ವಾಹನ ಬಂದಿದೆ, ವಿಘ್ನೇಶ್ವರನೂ ಹಿಂದೆಯೇ ಬರುತ್ತಾನೆ" ಎಂದು ಕೈಮುಗಿದರು. ಡೆಬಿಯನ್ನಿನ ಆ ಆವೃತ್ತಿಯ ಹೆಸರು ಬುಕ್‌ವರ್ಮ್, ಎಂದರೆ ಪುಸ್ತಕದ ಹುಳು, ಎಂದು ತಿಳಿದಾಗ ರಾಯರ ಮುಖ ಸ್ವಲ್ಪ ಬಾಡಿತು. ಹುಳುವಿನ ಉಪದ್ರವವನ್ನು ಅವರಷ್ಟು ಉಂಡವರು ಯಾರು?

ಮೊದಮೊದಲು ಅತಿಥಿಯ ಪರದೆ ಚೌಕಟ್ಟಿನ ನಡುವೆ ಅಂಚೆಚೀಟಿಯಂತೆ ಚಿಕ್ಕದಾಗಿ ಕಾಣುತ್ತಿತ್ತು. ಅತಿಥಿಗೆಂದೇ ಕೊಡುವ ಪೂರಕ ತಂತ್ರಾಂಶವನ್ನು ಸೇರಿಸಿದ ಮೇಲೆ ಪರದೆಯ ತುಂಬ ಹರಡಿಕೊಂಡಿತು. ಆ ಅನುಕೂಲದಿಂದಲೇ ಮೂರನೆಯ ದಿನ ಒಂದು ಅವಾಂತರವಾಯಿತು. ಸೊಸೆ ಪೂರ್ಣಪರದೆಯಲ್ಲಿ ಕೆಲಸ ಮಾಡುತ್ತಿದ್ದು, ಹಾಲಿನವನು ಕರೆದನೆಂದು ಎದ್ದುಹೋದಳು. ರಾಯರು ಬಂದು ನೋಡಿದರೆ ವಿಂಡೋಸಿಲ್ಲ. ತಮ್ಮ ಪುಸ್ತಕದ ಚಿತ್ರಿಕೆಯಿಲ್ಲ. ಮೂಲೆಯಲ್ಲಿ ಇಲಿ ಮಾತ್ರ. "ಹೋಯಿತು!" ಎಂದು ಅವರು ಕೂಗಿದ ಕೂಗಿಗೆ ಅತ್ತೆಯವರು ಕೈಯ ಸೌಟಿನೊಡನೆ ಓಡಿಬಂದರು. ಸೊಸೆ ಬಂದು, ಬಲಗಡೆಯ ಕಂಟ್ರೋಲ್ ಕೀಲಿಯನ್ನು ಹಿಡಿದು ಎಫ್ ಕೀಲಿಯನ್ನು ಒತ್ತಿದಳು. ಲಿನಕ್ಸ್ ಕುಗ್ಗಿ ಕಿಟಕಿಯಾಯಿತು. ಹಿಂದೆ ವಿಂಡೋಸ್ ಇದ್ದಲ್ಲೇ ಇತ್ತು. ಆ ಎರಡು ಕೀಲಿಗಳನ್ನು ರಾಯರು ಒಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದರು. ಆಮೇಲೆ ದಿನಕ್ಕೆ ಹತ್ತು ಸಲ ಅವನ್ನು ಒತ್ತಿ, ಒಳಗೆ ಹೋಗಿ ಹೊರಗೆ ಬರುವುದು ಅವರಿಗೊಂದು ಆಟವಾಯಿತು.

ಹೀಗೆ ಹೋಗಿ ಬರುತ್ತಿರುವಾಗಲೇ ಒಂದು ದಿನ ಅವರಿಗೆ ಕುತೂಹಲ ಹುಟ್ಟಿತು. ಎರಡು ವ್ಯವಸ್ಥೆಗಳ ನಡುವೆ ಒಂದು ಹಂಚಿಕೆಯ ಫೋಲ್ಡರನ್ನು ಸೊಸೆ ಏರ್ಪಡಿಸಿದ್ದಳು, ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಗೂಡನ್ನು ಕೊರೆದಂತೆ. ರಾಯರು ತಮ್ಮ ಪುಸ್ತಕದ ಪ್ರತಿಯೊಂದನ್ನು ಆ ಗೂಡಿನಲ್ಲಿರಿಸಿ, ಲಿನಕ್ಸಿನ ಕಡೆಯಿಂದ ತೆರೆದರು.

ಕನ್ನಡವಿರಲಿಲ್ಲ. 'ಕನ್ನಡ' ಎಂಬ ಮಾತಿದ್ದ ಎಡೆಯಲ್ಲಿ ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಒಂದು ಎ, ಪೌಂಡು ಹಣದ ಚಿಹ್ನೆ, ಮತ್ತೆ ಅದೇ ಎ, ಇನ್ನೂ ಏನೇನೋ. 412 ಪುಟಗಳೂ ಹಾಗೆಯೇ.

ಈ ಸಲ ರಾಯರು ಕೂಗಲಿಲ್ಲ. ಸುಮ್ಮನೆ ಕುಳಿತರು. ಸೊಸೆ ಬಂದು ನೋಡಿದಳು, ಒಡನೆಯೇ ಅವಳಿಗೆ ಅರ್ಥವಾಯಿತು. ರಾಯರು ಬರೆಯುತ್ತಿದ್ದದ್ದು ನುಡಿ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಆ ತಂತ್ರಾಂಶ ಕನ್ನಡಿಗರಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಹಳೆಯ ಕ್ರಮದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸುತ್ತಿದ್ದರು. ಬಣ್ಣ ಹಚ್ಚುವ ಫಾಂಟು ಇರುವವರೆಗೆ ಕನ್ನಡದ ವೇಷ; ಅದಿಲ್ಲದ ಊರಿಗೆ ಹೋದರೆ ವೇಷ ಕಳಚುತ್ತದೆ. ಯೂನಿಕೋಡ್ ಎಂಬ ಕ್ರಮದಲ್ಲಿ ಹಾಗಲ್ಲ. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ತನ್ನದೇ ಆದ ಕೇರಿಯೊಂದು ದೊರೆತಿತ್ತು. ಅಲ್ಲಿ 'ಕ' ಎಂಬುದರ ಸಂಖ್ಯೆ 3221. ಜಗತ್ತಿನ ಯಾವ ಯಂತ್ರಕ್ಕೆ ಹೋದರೂ ಆ ಸಂಖ್ಯೆ 'ಕ'ಕಾರದ್ದೇ, ಬೇರೆಯವರದ್ದಲ್ಲ.

"ಹಾಗಾದರೆ ಇಷ್ಟು ವರ್ಷ ನಾನು ಬರೆದದ್ದು ಕನ್ನಡವಲ್ಲವೇ?" ಎಂದರು ರಾಯರು.

"ಕನ್ನಡಾನೇ ರೀ. ಕಂಪ್ಯೂಟರಿಗಷ್ಟ ಗೊತ್ತಿರ್ಲಿಲ್ಲ" ಎಂದಳು ಸೊಸೆ.

ಪರಿವರ್ತನೆಯ ಆ ಕೆಲಸ ವಿಂಡೋಸಿನಲ್ಲಿಯೂ ಆಗಬಹುದಾಗಿತ್ತು. ಅದಕ್ಕೆ ಲಿನಕ್ಸೇ ಬೇಕೆಂಬ ನಿಯಮವಿಲ್ಲ. ಆದರೆ ಪರಿವರ್ತನೆ ಬೇಕೆಂಬುದು ತಿಳಿಯಬೇಕಾದರೆ ಬರಹ ಒಮ್ಮೆ ಹೊಸ್ತಿಲು ದಾಟಬೇಕಿತ್ತು. ಇದ್ದ ಮನೆಯಲ್ಲೇ ಇರುವವರೆಗೆ ಗಂಟು ಗಟ್ಟಿಯಾಗಿದೆಯೆಂದೇ ತೋರುತ್ತದೆ. ಹೊರಟಾಗಲೇ ಯಾವುದು ಬಿಚ್ಚಿಹೋಗುವ ಗಂಟೆಂದು ಗೊತ್ತಾಗುವುದು. ಹತ್ತು ವರ್ಷ ಬಿಟ್ಟು ಆ ಹಳೆಯ ಫಾಂಟು ಎಲ್ಲಿಯೂ ದೊರೆಯದ ದಿನ ಇದೇ ದೃಶ್ಯವನ್ನು ಕಂಡಿದ್ದರೆ, ವಿವರಿಸಲು ಪಕ್ಕದಲ್ಲಿ ಯಾರೂ ಇಲ್ಲದಿರುವ ಸಂಭವವೂ ಇತ್ತು.

ಸೊಸೆ ಹಗಲು ತನ್ನ ಪುಸ್ತಕದ ಕೆಲಸ, ಸಂಜೆ ಮಾವನವರ ಪುಸ್ತಕದ ಕೆಲಸ ಎಂದು ಹಂಚಿಕೊಂಡಳು. ಪರಿವರ್ತಕ ತಂತ್ರಾಂಶ ಪುಟಗಳನ್ನು ಬೇಗಬೇಗನೆ ಮಾರ್ಪಡಿಸಿತು. ಜತೆಗೆ ಸಾಕಷ್ಟು ತಪ್ಪುಗಳನ್ನೂ ಮಾಡಿತು. ಒತ್ತಕ್ಷರಗಳು ಅಲ್ಲಲ್ಲಿ ಸ್ಥಳ ತಪ್ಪಿದ್ದವು. ಅರ್ಕಾವತ್ತಿನದಂತೂ ದೊಡ್ಡ ರಗಳೆ. 'ಧರ್ಮ' ಎಂದು ಬರೆಯುವಾಗ ಕಣ್ಣಿಗೆ ಅರ್ಕಾವತ್ತು ಕೊನೆಯಲ್ಲಿ ಕಾಣುತ್ತದೆ. ಹಳೆಯ ಕ್ರಮದಲ್ಲಿ ಅದನ್ನು ಹಾಗೆಯೇ ಕೊನೆಯಲ್ಲಿಡುತ್ತಿದ್ದರು. ಯೂನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು, ಮಕಾರ ಆಮೇಲೆ. ಇದನ್ನು ಕೇಳಿ ರಾಯರಿಗೆ ಬಹಳ ಸಂತೋಷವಾಯಿತು. "ನಾನು ಮೂವತ್ತೆರಡು ವರ್ಷ ಹುಡುಗರಿಗೆ ಹೇಳಿದ್ದೂ ಇದನ್ನೇ. ಕಣ್ಣನ್ನು ನಂಬಬೇಡಿ, ಕಿವಿಯನ್ನು ನಂಬಿ ಎಂದು" ಎಂದರು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಅವರ ಬೆರಳಿಗೆ ರೂಢಿಯಾಗಿದ್ದ ಕೀಲಿಮಣೆಯ ವಿನ್ಯಾಸವೇ ಲಿನಕ್ಸಿನಲ್ಲಿಯೂ ಸಿದ್ಧವಾಗಿತ್ತು. ಹೊಸ ಮನೆಯಲ್ಲಿ ಹಳೆಯ ಕುರ್ಚಿ ಸಿಕ್ಕಂತಾಯಿತು. ಎರಡು ತೋರುಬೆರಳುಗಳು ಅದೇ ದಾರಿಯಲ್ಲಿ ನಡೆದವು.

ತಿದ್ದುವ ಕೆಲಸದಲ್ಲಿ ಮೂರನೆಯವರೊಬ್ಬರು ಸೇರಿದ್ದು ಆಕಸ್ಮಿಕ. ಒಂದು ಸಂಜೆ ಕಣದ ಮಾತುಗಳ ಪುಟದಲ್ಲಿ ಒಂದು ಪದ ಕೆಟ್ಟಿತ್ತು. ಕಣದ ನಡುವೆ ನೆಡುವ ಕಂಬಕ್ಕೆ ಏನೆಂದು ಹೆಸರು? ರಾಯರು ನೆನಪಿಸಿಕೊಳ್ಳಲು ಹೆಣಗುತ್ತಿರುವಾಗಲೇ ಒಳಗಿನಿಂದ "ಮೇಟಿ" ಎಂದಿತು ಒಂದು ದನಿ. ಅದೇ ಉಸಿರಿನಲ್ಲಿ ಸೊಸೆಯೂ "ನಮ್ಮ ಕಡೀನೂ ಮೇಟಿ ಅಂತಾರ" ಎಂದಳು. ಅತ್ತೆಯವರು ಕೈಯೊರೆಸಿಕೊಳ್ಳುತ್ತ ಹೊರಬಂದು ಕುಳಿತರು. ಆ ಊರಿಗೆ ಸೊಸೆಯಾಗಿ ಹೋದ ಹೊಸತರಲ್ಲಿ, ಮಾವನವರು ಜಗಲಿಯಲ್ಲಿ ರೈತರನ್ನು ಕೂರಿಸಿಕೊಂಡು ಗಾದೆ ಹೇಳಿಸುತ್ತಿದ್ದುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿದವರು ಆಕೆ. 2016ರಲ್ಲಿ ಅಳಿಸಿಹೋದ, ಆಮೇಲೆ ಗೆದ್ದಲೂ ಉಳಿಸದ ಆ ಪುಟಗಳ ಗಾದೆಗಳಲ್ಲಿ ಹಲವು ಆಕೆಯ ನಾಲಗೆಯ ಮೇಲೆ ಹಾಗೆಯೇ ಇದ್ದವು. ಎಂಟು ವರ್ಷಗಳಲ್ಲಿ ಆಕೆಯನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಆಕೆ ಹೇಳಿದರು, ಸೊಸೆ ಬರೆದಳು, ರಾಯರು ಮಾತಿಲ್ಲದೆ ಕೇಳಿದರು. ಆ ಬೇಸಗೆಯಲ್ಲಿ ಅರವತ್ತೇಳು ಗಾದೆಗಳು ಹಿಂತಿರುಗಿ ಬಂದವು.

ಅತಿಥಿಯ ಸಂಸಾರದಲ್ಲಿ ಕಷ್ಟಗಳೇ ಇರಲಿಲ್ಲವೆಂದಲ್ಲ. ಒಂದು ಮಳೆಯ ಸಂಜೆ ವಿದ್ಯುತ್ತು ಹೋಯಿತು. ಯಜಮಾನನೊಡನೆ ಅತಿಥಿಯೂ ತಟಕ್ಕನೆ ನೆಲಕ್ಕೊರಗಿದ. ಮತ್ತೆ ಎಬ್ಬಿಸಿದಾಗ ಅಂದಿನ ಎರಡು ಗಂಟೆಗಳ ಕೆಲಸವಿರಲಿಲ್ಲ. ಇದ್ದ ಸ್ಥಿತಿಯನ್ನು ಇದ್ದಂತೆಯೇ ನೆನಪಿಟ್ಟುಕೊಂಡು, ಬೇಕೆಂದಾಗ ಅದಕ್ಕೆ ಹಿಂತಿರುಗುವ ಸೌಲಭ್ಯವೊಂದು ಇಂತಹ ಕಲ್ಪಿತ ಯಂತ್ರಗಳಲ್ಲಿದೆ. ಒಳಗೆ ಏನಾದರೂ ಕೆಟ್ಟಾಗ ಅದು ಕೈಹಿಡಿಯುತ್ತದೆ. ಆದರೆ ಆ ನೆನಪೂ ಅದೇ ಡಿಸ್ಕಿನಲ್ಲಿರುವುದರಿಂದ, ಡಿಸ್ಕೇ ಕೆಟ್ಟರೆ ನೆನಪೂ ಕೆಟ್ಟಂತೆ. ಸೊಸೆ ಇದನ್ನು ಮಾವನವರಿಗೆ ಬಿಡಿಸಿ ಹೇಳಿದಳು. ಪ್ರತಿ ಶುಕ್ರವಾರ ದೀಪ ಹಚ್ಚಿದ ಮೇಲೆ ಪೆನ್‌ಡ್ರೈವಿಗೆ ಒಂದು ಪ್ರತಿ, ಜರ್ಮನಿಯಲ್ಲಿದ್ದ ಮಗನಿಗೆ ಒಂದು ಪ್ರತಿ ಎಂಬುದು ಆ ಮನೆಯ ವ್ರತವಾಯಿತು. ಸೊಸೆಯ ಪುಸ್ತಕ ಗಡುವಿಗೆ ಎರಡು ದಿನ ಮುಂಚೆಯೇ ಮುಗಿಯಿತು. ಅದರ ಬೆನ್ನಿಗೆ ಎರಡನೆಯ ಪುಸ್ತಕವೂ ಬಂತು. ರೊಟ್ಟಿ ಬಡಿಯುವ ಸದ್ದಿಗೆ ನೆರೆಮನೆಯವರೂ ಒಗ್ಗಿಕೊಂಡರು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಅರ್ಹತೆಗಳು 2017ರ ಆ ಯಂತ್ರಕ್ಕಿರಲಿಲ್ಲ. ಅತಿಥಿ ಎಷ್ಟೇ ಹೊಸಬನಾಗಿರಲಿ, ಯಜಮಾನನ ಗೋಡೆ ಬಿರುಕುಬಿಟ್ಟರೆ ಅವನಿಗೂ ರಕ್ಷಣೆಯಿಲ್ಲ. ಏನು ಮಾಡುವುದೆಂದು ಮಗನೂ ಸೊಸೆಯೂ ಊಟದ ಹೊತ್ತಿನಲ್ಲಿ ಮಾತನಾಡುತ್ತಿದ್ದಾಗ ರಾಯರು ತಲೆಯೆತ್ತದೆಯೇ ಕೇಳಿದರು: "ಒಳಗಿರುವುದನ್ನೇ ಯಜಮಾನನನ್ನಾಗಿ ಮಾಡಿಬಿಟ್ಟರೆ ಆಗುವುದಿಲ್ಲವೇನಮ್ಮ?"

ಮಗ ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ತಂದೆಯ ಮುಖ ನೋಡಿದ. ಸೊಸೆ ಅತ್ತೆಯವರ ಮುಖ ನೋಡಿದಳು.

ಹೊಸ ಡಿಸ್ಕೊಂದನ್ನು ತಂದರು. ಹಳೆಯದನ್ನು ಅಳಿಸಲಿಲ್ಲ; ಬಿಚ್ಚಿ ತೆಗೆದು, ಬಿಳಿಯ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ತಿಂದುಳಿದ ಹೊತ್ತಗೆಗಳ ಜತೆಯಲ್ಲಿ ಬೀರುವಿನೊಳಗೆ ಇರಿಸಿದರು. ಈ ಸಲ ನಡುವೆ ಕಲ್ಪಿತ ಯಂತ್ರವಿಲ್ಲ. ಇರುವುದು ನಿಜವಾದ ಯಂತ್ರ, ನಿಜವಾದ ಡಿಸ್ಕು. ಡೆಬಿಯನ್ ಎಂದಿನಂತೆ ಕೇಳಿತು: ಇಡೀ ಡಿಸ್ಕನ್ನು ಬಳಸಲೇ? ಬದಲಾವಣೆಗಳನ್ನು ಬರೆಯಲೇ? 'ಇಲ್ಲ' ಎಂಬುದು ಗುರುತಾಗಿತ್ತು. ಸೊಸೆ ಕುರ್ಚಿಯಿಂದೆದ್ದು ಪಕ್ಕಕ್ಕೆ ಸರಿದು ನಿಂತಳು.

ರಾಯರು ಕುಳಿತರು. ಕನ್ನಡಕವನ್ನು ಸರಿಪಡಿಸಿಕೊಂಡು ಪ್ರಶ್ನೆಯನ್ನು ಮತ್ತೊಮ್ಮೆ ಪೂರ್ತಿಯಾಗಿ ಓದಿದರು. ತೋರುಬೆರಳಿನಿಂದ 'ಹೌದು' ಎಂಬಲ್ಲಿಗೆ ಹೋಗಿ, ಒತ್ತಿದರು.